ವೆಟೆಲ್ ರಿಟೈರ್ ಆದ ಅಮಾವಾಸ್ಯೆ

ಫಾರ್ಮುಲಾ ಒನ್ ಚಾಂಪಿಯನ್ ಒಬ್ಬ ‘ನಾನಿನ್ನು ರಿಟೈರ್ ಆಗ್ತೀನಿ’ ಅಂದರೆ ಅಭಿಮಾನಿಗಳು ತಕ್ಷಣ ಅಳುವುದಿಲ್ಲ. ಮೊದಲು ನಂಬುವುದೇ ಇಲ್ಲ. ನಂಬದಿರಲು ಕಾರಣಗಳೂ ಬೇಕಾದಷ್ಟಿವೆ. ನಿಕಿ ಲೌಡಾ 1979ರಲ್ಲಿ ಕೆನಡಾದ ರೇಸಿಗೆಂದು ಬಂದವನು, ಪ್ರಾಕ್ಟೀಸ್ ನಡುವೆಯೇ ಕಾರಿನಿಂದ ಇಳಿದು, ಸುಮ್ನೆ ಸುತ್ತು ಹೊಡೆದದ್ದು ಸಾಕು ಎಂದು ಮನೆಗೆ ಹೋಗಿಬಿಟ್ಟ. ವಿಮಾನ ಕಂಪನಿ ನಡೆಸಿದ. 1982ರಲ್ಲಿ ವಾಪಸ್ ಬಂದ. 1984ರಲ್ಲಿ ಬರೀ ಅರ್ಧ ಪಾಯಿಂಟಿನ ಅಂತರದಲ್ಲಿ ಚಾಂಪಿಯನ್ನೂ ಆದ. ಷೂಮಾಕರ್ 2006ರಲ್ಲಿ ಹೋದ, 2010ರಲ್ಲಿ ಬಂದ, 2012ರಲ್ಲಿ ಮತ್ತೆ ಹೋದ. ರಾಯ್ಕೊನೆನ್ 2009 ಮುಗಿಸಿ ಕಾರ್ ರ‍್ಯಾಲಿ ಕಡೆ ಹೊರಟವನು 2012ಕ್ಕೆ ಹಾಜರ್. ಅಲೊನ್ಸೊ 2018ರಲ್ಲಿ ಕೈ ಬೀಸಿ ಹೋಗಿ 2021ರಲ್ಲಿ ಏನೂ ಆಗೇ ಇಲ್ಲವೆಂಬಂತೆ ಬಂದು ಕೂತ. ‘ಇದೇ ನನ್ನ ಕೊನೇ ಚುನಾವಣೆ’ ಎಂಬ ಮಾತನ್ನು ಒಬ್ಬರ ಬಾಯಲ್ಲೇ ಮೂರ್ನಾಲ್ಕು ಸಲ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ ಬಿಡಿ. ಮಾತಿಗೆ ತಪ್ಪದವರೂ ಇದ್ದಾರೆ. ರೋಸ್‌ಬರ್ಗ್ 2016ರಲ್ಲಿ ಚಾಂಪಿಯನ್ ಆಗಿ ಐದೇ ದಿನಕ್ಕೆ ಬಿಟ್ಟವನು ಮತ್ತೆ ಆ ಸೀಟಿನ ಕಡೆ ತಿರುಗಿ ನೋಡಲಿಲ್ಲ. ಆದರೆ ಅಂಥವರನ್ನು ನೆನಪಿಟ್ಟುಕೊಂಡರೆ ಅಭಿಮಾನಿಗೆ ಏನು ಲಾಭ?

ಸೆಬಾಸ್ಟಿಯನ್ ವೆಟೆಲ್ ಮಾತ್ರ ನಮಗೆ ಅನುಮಾನ ಪಡಲೂ ಸಮಯ ಕೊಡಲಿಲ್ಲ. ಸೋಷಿಯಲ್ ಮೀಡಿಯಾ ಅಂದರೆ ಮಾರು ದೂರ ಓಡುತ್ತಿದ್ದ ಮನುಷ್ಯ. 2022ರ ಜುಲೈ ಕೊನೆಯಲ್ಲಿ ಇನ್‌ಸ್ಟಾಗ್ರಾಮಿಗೆ ಬಂದ. ಆಹಾ, ಕೊನೆಗೂ ಬಂದನಲ್ಲ ಎಂದು ನಾವು ಫಾಲೋ ಒತ್ತಿ ಕುಣಿದೆವು. 28ರಂದು ವಿಡಿಯೊ ಬಂತು. ಕಪ್ಪು-ಬಿಳುಪು. ಕ್ಯಾಮೆರಾ ಮುಂದೆ ಕೂತು, ಈ ಸೀಸನ್ ಮುಗಿದ ಮೇಲೆ ನಾನಿಲ್ಲ, ಮಕ್ಕಳು ಬೆಳೆಯುವುದನ್ನು ನೋಡಬೇಕು ಎಂದ. ಖಾತೆ ತೆರೆದದ್ದೇ ಬೈ ಹೇಳಲಿಕ್ಕೆ!

ಆ ವಿಡಿಯೊದ ಒಂದು ಚಿತ್ರ ತೆಗೆದು, ‘ಹೋಗಿ ಬಾ ಸೆಬ್. ಇನ್ನು ಭಾನುವಾರಗಳು ಮೊದಲಿನ ಹಾಗಿರಲ್ಲ’ ಎಂದು ಸ್ಟೇಟಸ್ ಹಾಕಿದೆ. ನಮ್ಮ ನೆಂಟರಲ್ಲಿ ಕಪ್ಪು-ಬಿಳುಪು ಫೋಟೊ ಒಂದೇ ಕಾರಣಕ್ಕೆ ಹಾಕುವುದು. ಹತ್ತು ನಿಮಿಷದಲ್ಲಿ ಫ್ಯಾಮಿಲಿ ಗ್ರೂಪಿನಲ್ಲಿ ‘ಓಂ ಶಾಂತಿ’ ಶುರುವಾಯಿತು. ಚಿಕ್ಕಪ್ಪ ‘ಕುಟುಂಬಕ್ಕೆ ದುಃಖ ಭರಿಸುವ ಶಕ್ತಿಯನ್ನು ಭಗವಂತ ಕರುಣಿಸಲಿ’ ಎಂದು ಸದಾ ಸಿದ್ಧವಾಗಿಟ್ಟುಕೊಂಡಿರುವ ಮೆಸೇಜನ್ನು ಹಾಕಿದರು. ಅದರ ಕೆಳಗೇ ಅಕ್ಕನೊಬ್ಬಳು ಗಂಡನ ಪಾದಪೂಜೆಯ ಫೋಟೊ ಹಾಕಿದಳು. ಯಾಕೆಂದರೆ ಅವತ್ತು ಭೀಮನ ಅಮಾವಾಸ್ಯೆ.

ಸಂಜೆ ತಿಪಟೂರಿನಿಂದ ಸೋದರತ್ತೆಯ ಫೋನು. ದನಿಯಲ್ಲಿ ಆಗಲೇ ಅಳು.

“ಏನಪ್ಪಾ, ಯಾರೋ ಹೋಗ್ಬಿಟ್ರಂತೆ?”

“ಹೂಂ ಅತ್ತೆ. ಸೆಬಾಸ್ಟಿಯನ್.”

“ಮಂಗಳೂರು ಕಡೆಯವರಾ?”

“ಇಲ್ಲ, ಜರ್ಮನಿ.”

“ಅಯ್ಯೋ ಶಿವನೇ. ವಯಸ್ಸೆಷ್ಟು?”

“ಈ ತಿಂಗಳು ಮೂವತ್ತೈದಾಯ್ತು.”

“ಹೋಗೋ ವಯಸ್ಸಾ ಅದು!”

“ನಾನೂ ಅದನ್ನೇ ಹೇಳ್ತಿರೋದು ಅತ್ತೆ. ಇನ್ನೂ ಎರಡು ವರ್ಷ ಆರಾಮಾಗಿ ಓಡಿಸಬಹುದಿತ್ತು.”

“ಗಾಡಿ ಓಡಿಸ್ತಿದ್ರಾ?”

“ಮುನ್ನೂರು ಕಿಲೋಮೀಟರ್ ಸ್ಪೀಡಲ್ಲಿ.”

“ಹಾಗೇ ಅಂದ್ಕೊಂಡೆ. ಮಕ್ಕಳು?”

“ಮೂರು. ಇನ್ನೂ ಚಿಕ್ಕವು.”

“ಭೀಮನ ಅಮಾವಾಸ್ಯೆ ದಿನಾನೇ ಆ ಹೆಣ್ಮಗಳಿಗೆ ಹೀಗಾಗಬೇಕಾ! ಮಣ್ಣು ಯಾವಾಗಂತೆ?”

“ಮಣ್ಣಾ? ಅತ್ತೆ, ಭಾನುವಾರ ಅವನಿಗೆ ಹಂಗೇರಿಯಲ್ಲಿ ರೇಸಿದೆ.”

ಆಮೇಲೆ ಅತ್ತೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಷ್ಟರಲ್ಲಿ ಅವರು ಪಕ್ಕದ ಮನೆಗೂ ಸುದ್ದಿ ಮುಟ್ಟಿಸಿ ಆಗಿತ್ತು. ನಿಜ ಹೇಳಬೇಕೆಂದರೆ ವೆಟೆಲ್‌ನ ಹೆಂಡತಿಗೆ ಅವತ್ತು ಗಂಡ ಸಿಕ್ಕಿದ ದಿನ. ವ್ರತ ಮಾಡದೆಯೇ ಫಲ. ಕಳೆದುಕೊಂಡವರು ನಾವು.

ಫೋನಿಟ್ಟರೆ ಎದುರಿಗೆ ಅಪ್ಪ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಶಿರಾಡಿ ಘಾಟಿಯಲ್ಲಿ ಜೀವಮಾನ ಸವೆಸಿ, ಅಪಘಾತ ಮಾಡದ್ದಕ್ಕೆ ಬೆಳ್ಳಿ ಪದಕ ತಗೊಂಡು, ಅರವತ್ತಕ್ಕೆ ಸರಿಯಾಗಿ ಪೇಟ, ಶಾಲು, ಹಣ್ಣಿನ ಬುಟ್ಟಿ ಹಾಕಿಸಿಕೊಂಡು ಮನೆಗೆ ಬಂದವರು. ಮೂವತ್ತೈದಕ್ಕೆ ರಿಟೈರ್ ಆಗುವ ಡ್ರೈವರ್ ಅವರ ಲೆಕ್ಕದಲ್ಲಿ ಕಣ್ಣಿನ ಟೆಸ್ಟಿನಲ್ಲಿ ಫೇಲಾದವನು.

“ಎಷ್ಟು ರೇಸ್ ಓಡಿಸಿದ್ದಾನೆ?” ಎಂದರು. ಸೀಸನ್ ಮುಗಿಯುವ ಹೊತ್ತಿಗೆ 299 ಆಗುತ್ತೆ ಎಂದೆ. ಒಂದು ರೇಸ್ ಎಷ್ಟು ಕಿಲೋಮೀಟರ್? ಸುಮಾರು 305. ಅಪ್ಪ ಕ್ಯಾಲೆಂಡರಿನ ಹಿಂದೆ ಗುಣಿಸಿದರು. ಎಲ್ಲವನ್ನೂ ಪೂರ್ತಿ ಓಡಿಸಿದ್ದಾನೆ ಎಂದುಕೊಂಡರೂ 91 ಸಾವಿರ ಚಿಲ್ಲರೆ. “ದಿನಕ್ಕೆ ಮುನ್ನೂರು ಕಿಲೋಮೀಟರ್, ತಿಂಗಳಿಗೆ ಇಪ್ಪತ್ತೈದು ಡ್ಯೂಟಿ. ಇದು ನನ್ನ ಒಂದು ವರ್ಷದ ಕೆಲಸ ಕಣೋ,” ಎಂದರು. “ಅದೂ ನಾನು ಜನರನ್ನ ಎಲ್ಲಿಗಾದ್ರೂ ಮುಟ್ಟಿಸ್ತಿದ್ದೆ. ಇವನು ಹೊರಟ ಜಾಗಕ್ಕೇ ವಾಪಸ್.”

53 ಗೆಲುವು, 2010ರಿಂದ 2013ರವರೆಗೆ ಸಾಲಾಗಿ ನಾಲ್ಕು ಚಾಂಪಿಯನ್‌ಷಿಪ್ ಎಂದೆಲ್ಲ ಹೇಳಿದೆ. ಅಪ್ಪನಿಗೆ ಹಿಡಿಸಿದ್ದು ಒಂದೇ. 2008ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ಇಟಲಿಯ ಮೊನ್ಜಾದ ಸುರಿಯುವ ಮಳೆಯಲ್ಲಿ, ಟೊರೊ ರೊಸೊದಂಥ ಸಣ್ಣ ಟೀಮಿನ ಕಾರಿನಲ್ಲಿ ಅವನು ಮೊದಲ ರೇಸ್ ಗೆದ್ದದ್ದು. ಯೂಟ್ಯೂಬಿನಲ್ಲಿ ತೋರಿಸಿದೆ. “ಮಳೇಲಿ ಗಾಡಿ ಹಿಡಿಯೋನು ಡ್ರೈವರ್,” ಎಂದು ಒಪ್ಪಿದರು. 2013ರಲ್ಲಿ ಮಲೇಷ್ಯಾದಲ್ಲಿ ಟೀಮು ಬೇಡವೆಂದರೂ ಕೇಳದೆ ಜೊತೆಗಾರ ವೆಬರ್‌ನನ್ನು ಹಿಂದೆ ಹಾಕಿದ ಕತೆ ಹೇಳಿದಾಗ ಆ ಒಪ್ಪಿಗೆ ವಾಪಸ್ ಹೋಯಿತು. ಕಂಡಕ್ಟರ್ ವಿಸಿಲ್‌ಗೆ ಬೆಲೆ ಕೊಡದವನ ಜೊತೆ ಅಪ್ಪನಿಗೆ ಮಾತಿಲ್ಲ.

ಸರಿ, ಇನ್ನೊಂದು ತೋರಿಸ್ತೀನಿ ಎಂದು ಅದೇ ವರ್ಷದ ಗ್ರೇಟರ್ ನೋಯ್ಡಾದ ರೇಸ್ ಹಾಕಿದೆ. ಬುದ್ಧ ಸರ್ಕ್ಯೂಟಿನಲ್ಲಿ ನಡೆದದ್ದೇ ಮೂರು ರೇಸ್, ಮೂರನ್ನೂ ಗೆದ್ದವನು ವೆಟೆಲ್. ಕೊನೆಯದರಲ್ಲಿ ನಾಲ್ಕನೇ ಚಾಂಪಿಯನ್‌ಷಿಪ್ ಖಾತ್ರಿಯಾದ ಖುಷಿಗೆ ಜನರ ಮುಂದೆಯೇ ಕಾರನ್ನು ಗಿರಗಿರ ತಿರುಗಿಸಿ, ಹೊಗೆ ಎಬ್ಬಿಸಿ, ಇಳಿದು, ಮೊಣಕಾಲೂರಿ ಕಾರಿಗೆ ನಮಸ್ಕಾರ ಹೊಡೆದ. ಅಪ್ಪ ಎದ್ದು ಕೂತರು. ಬೆಳಗಿನ ಮೊದಲ ಟ್ರಿಪ್ಪಿಗೆ ಮುಂಚೆ ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಬಸ್ ತೆಗೆದವರಲ್ಲ ಅವರು. ಕಾರನ್ನು ಹೇಳಿದ ಜಾಗಕ್ಕೆ ತರದೆ ಹೀಗೆ ಮಾಡಿದ್ದಕ್ಕೆ ಟೀಮಿಗೆ 25,000 ಯೂರೊ ದಂಡ ಬಿತ್ತು ಎಂದೆ. ಪಕ್ಷ ವಹಿಸುತ್ತಾರೆ ಅಂದುಕೊಂಡಿದ್ದೆ. “ಡಿಪೋಗೆ ಹಾಕದೆ ದಾರೀಲಿ ನಿಲ್ಲಿಸಿದ್ರೆ ಮೆಮೋ ಕೊಡ್ದೆ ಮುತ್ತು ಕೊಡ್ತಾರಾ?” ಎಂದರು.

ಅಷ್ಟೊತ್ತಿಗೆ ಹಾಸನದ ಗೆಳೆಯನ ಫೋನು ಬಂತು. ಅವನೂ ಅಳುತ್ತಿದ್ದ. ನನಗೆ ನಗು ಬಂತು. ಇದೇ ಗೆಳೆಯ 2013ರಲ್ಲಿ ವೆಟೆಲ್‌ನ ಹೆಸರೆತ್ತಿದರೆ ಉರಿದು ಬೀಳುತ್ತಿದ್ದ. ಆ ವರ್ಷ ವೆಟೆಲ್ ಕೊನೆಯ ಒಂಬತ್ತು ರೇಸನ್ನು ಒಂದರ ಹಿಂದೆ ಒಂದು ಗೆದ್ದ. ಪ್ರತಿ ಸಲವೂ ತೋರುಬೆರಳು ಮೇಲೆ. ಆ ಬೆರಳನ್ನು ಕಂಡರೆ ಗೆಳೆಯನಿಗೆ ಆಗುತ್ತಿರಲಿಲ್ಲ. ಅವನೊಬ್ಬನೇ ಅಲ್ಲ. ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ವೆಟೆಲ್‌ನ ಗೇರ್‌ಬಾಕ್ಸ್ ಕೈಕೊಟ್ಟಾಗ ಜನ ಚಪ್ಪಾಳೆ ತಟ್ಟಿದರು. ಮೊನ್ಜಾದಲ್ಲಿ, ಸಿಂಗಪುರದಲ್ಲಿ ಗೆದ್ದು ನಿಂತವನಿಗೆ ‘ಬೂ’ ಎಂದು ಕೂಗಿದರು.

ಅದೇ ಜನಕ್ಕೆ ಅವನು ಯಾವಾಗ ಇಷ್ಟವಾದ ಗೊತ್ತಾ? ಸೋಲಲು ಶುರು ಮಾಡಿದ ಮೇಲೆ. ಫೆರಾರಿ ಸೇರಿ ಚಾಂಪಿಯನ್‌ಷಿಪ್ ಸಿಗದೆ ಒದ್ದಾಡಿದ. 2018ರಲ್ಲಿ ಸ್ವಂತ ಊರಿನ ಪಕ್ಕದ ಹಾಕೆನ್‌ಹೈಮಿನಲ್ಲಿ ಮುಂದಿದ್ದವನು ಮಳೆಗೆ ಜಾರಿ ಗುದ್ದಿಕೊಂಡ. 2019ರಲ್ಲಿ ಕೆನಡಾದಲ್ಲಿ ಮೊದಲು ಗುರಿ ಮುಟ್ಟಿಯೂ ಪೆನಾಲ್ಟಿಯಿಂದ ಗೆಲುವು ಹೋದಾಗ, ಆ ಗೆಲುವು ಸಿಕ್ಕಿದ ಹ್ಯಾಮಿಲ್ಟನ್‌ನ ಕಾರಿನ ಮುಂದಿದ್ದ ‘1’ ಎಂಬ ಬೋರ್ಡನ್ನೂ ‘2’ ಎಂಬ ಬೋರ್ಡನ್ನೂ ಹೋಗಿ ಅದಲು ಬದಲು ಮಾಡಿಟ್ಟ. ನನ್ನ ಗೆಳೆಯ ಪಾರ್ಟಿ ಬದಲಿಸಿದ್ದು ಆ ಕ್ಷಣದಲ್ಲಿ. 2021ರಲ್ಲಿ ಸಿಲ್ವರ್‌ಸ್ಟೋನಿನ ರೇಸ್ ಮುಗಿದ ಮೇಲೆ ಗ್ಯಾಲರಿಯಲ್ಲಿ ಕಸ ಹೆಕ್ಕಿದಾಗಲಂತೂ ಪೂರ್ತಿ ಶರಣಾದ. ಗೆಲ್ಲುವವನನ್ನು ಸಹಿಸುವುದು ನಮ್ಮ ಜಾತಕದಲ್ಲಿಲ್ಲ, ಅಲ್ವಾ?

ದುಃಖ ಪಡಲಿಕ್ಕಾದರೂ ಬಿಟ್ಟರೇ? ಗುರುವಾರ ವಿಡಿಯೊ. ಸೋಮವಾರ ಅವನ ಟೀಮಾದ ಆ್ಯಸ್ಟನ್ ಮಾರ್ಟಿನ್‌ನವರು ಅವನ ಸೀಟನ್ನು ಅಲೊನ್ಸೊಗೆ ಕೊಟ್ಟೇಬಿಟ್ಟರು. “ಹನ್ನೊಂದಕ್ಕೂ ಕಾಯಲಿಲ್ಲವಲ್ಲೋ,” ಎಂದು ಗೆಳೆಯ ಗೋಳಾಡಿದ. ಅದೂ ಮೂವತ್ತೈದರವನ ಜಾಗಕ್ಕೆ ನಲವತ್ತೊಂದರವನು! ಈ ಸುದ್ದಿ ಮಾತ್ರ ಅಪ್ಪನಿಗೆ ಸಮಾಧಾನ ತಂದಿತು. ನಲವತ್ತೊಂದಕ್ಕೆ ಅವರು ನೈಟ್ ಹಾಲ್ಟ್ ಬಸ್ಸಿನಲ್ಲಿ ಸೀಟಿನ ಮೇಲೆ ಮಲಗುತ್ತಿದ್ದರಂತೆ. ಅವತ್ತಿನಿಂದ ಅಪ್ಪ ಅಲೊನ್ಸೊ ಕಡೆ.

ನವೆಂಬರ್ 20, ಕೊನೆಯ ರೇಸ್, ಅಬುಧಾಬಿ. ನಮಗೆ ಸಂಜೆ ಆರೂವರೆ. ಅತ್ತೆ ಮದುವೆ ಕಾರ್ಡು ಕೊಡಲು ಬಂದಿದ್ದರು. ಟಿವಿ ನೋಡಿ, “ಯಾರದೋ ಇದು?” ಎಂದರು. ಅವನೇ ಅತ್ತೆ, ಸೆಬಾಸ್ಟಿಯನ್ ಎಂದೆ. “ಇನ್ನೂ ಓಡಿಸ್ತಾನೇ ಇದ್ದಾರಲ್ಲೋ! ನನ್ನನ್ನ ಜುಲೈನಲ್ಲೇ ಅಳಿಸಿದ್ದೆ!” ವೆಟೆಲ್ ಹತ್ತನೆಯವನಾಗಿ ಬಂದ, ಒಂದೇ ಒಂದು ಪಾಯಿಂಟು. ಆ ವಾರ ಇಪ್ಪತ್ತೂ ಚಾಲಕರು ಒಟ್ಟಿಗೆ ಕೂತು ಅವನಿಗಾಗಿ ಊಟ ಮಾಡಿದ್ದರು. ಅದನ್ನು ಹೇಳಿದಾಗ ಅತ್ತೆ ಸ್ವಲ್ಪ ಮೆತ್ತಗಾದರು. ಊಟ ಹಾಕಿಸಿ ಕಳಿಸಿದ್ದರೆ ಅವರ ಪ್ರಕಾರ ಎಲ್ಲ ಸರಿಯಾಗಿಯೇ ನಡೆದಿದೆ. ಆಮೇಲೆ ವೆಟೆಲ್ ಹೊಗೆ ಎಬ್ಬಿಸಿ ಕಾರನ್ನು ಗಿರಗಿರ ತಿರುಗಿಸಿದಾಗ, “ತಲೆ ಸುತ್ತಲ್ವಾ?” ಎಂದು ಕೇಳಿ ಕಾಫಿಗೆ ಒಳಗೆ ಹೋದರು.

ನಿಜವಾದ ಹೊಡೆತ ಬಿದ್ದದ್ದು 2023ರ ಮಾರ್ಚ್‌ನಲ್ಲಿ. ವೆಟೆಲ್ ಎರಡು ವರ್ಷ ಒದ್ದಾಡಿ ಓಡಿಸಿದ ಅದೇ ಟೀಮು ಹೊಸ ಕಾರು ತಂದಿತು. ಬಹರೇನಿನ ಮೊದಲ ರೇಸಿನಲ್ಲೇ ಅಲೊನ್ಸೊ ಮೂರನೇ ಸ್ಥಾನ. ಗೆಳೆಯ ಫೋನಿನಲ್ಲಿ ಕಿರುಚಿದ: “ಒಂದೇ ಒಂದು ವರ್ಷ ತಡೀಬಾರದಿತ್ತಾ?” ಸ್ಪೀಕರ್ ಆನ್ ಇತ್ತು. ಅಪ್ಪ ಪೇಪರಿನಿಂದ ತಲೆ ಎತ್ತಿದರು.

“ನಾನು ರಿಟೈರ್ ಆದ ತಿಂಗಳೇ ನನ್ನ ರೂಟಿಗೆ ಹೊಸ ಬಸ್ ಹಾಕಿದ್ರು. ಪವರ್ ಸ್ಟೀರಿಂಗ್ ಬೇರೆ.”