ಅಟ್ಲಾಂಟಾಗೊಂದು ಕೋಲೆ ಬಸವ ಬೇಕಾಗಿದೆ

ಕೋಲೆ ಬಸವನನ್ನು ನೋಡಿದ್ದೀರಲ್ವಾ? "ಈ ಮನೆಯವರಿಗೆ ಒಳ್ಳೇದಾಗುತ್ತಾ ಬಸವಣ್ಣ?" ಅಂದರೆ ಹೂಂ ಅಂತ ತಲೆಯಾಡಿಸುತ್ತದೆ. ಮಗಳಿಗೆ ಗಂಡು ಸಿಗುತ್ತಾ? ಹೂಂ. ಎದುರು ಮನೆಯವರು ಸೈಟಿನ ಕೇಸು ಗೆಲ್ಲುತ್ತಾರಾ ಅಂದರೂ ಹೂಂ, ಆ ಕೇಸು ಹಾಕಿರೋದು ನಮ್ಮ ಮೇಲೇ ಆಗಿದ್ದರೂ.

ಅಮೆರಿಕದ ಅಟ್ಲಾಂಟಾದಲ್ಲಿ ಸಿಡಿಸಿ ಅಂತ ರೋಗ ನಿಯಂತ್ರಣದ ದೊಡ್ಡ ಸಂಸ್ಥೆ ಇದೆ. 2025ರಲ್ಲಿ ಅವರು ಹುಡುಕುತ್ತಿದ್ದದ್ದು ಡೈರೆಕ್ಟರನ್ನಲ್ಲ, ಇಂಥದ್ದೇ ಒಂದು ಬಸವನನ್ನು ಅಂತ ನನಗೆ ಅನುಮಾನ.

ಅಲ್ಲಿಯವರೆಗೆ ಅಧ್ಯಕ್ಷರು ಹೆಸರು ಹೇಳಿದರೆ ಸಾಕಿತ್ತು. ಅಲ್ಲಿನ ಸಂಸತ್ತಿನ ಮೇಲ್ಮನೆ ಸೆನೆಟ್ ಕೂಡ ಜರಡಿ ಹಿಡಿಯಲಿ ಅನ್ನೋ ಹೊಸ ಕಾನೂನು ಜಾರಿಗೆ ಬಂತು. ಮೊದಲ ಹೆಸರು ಡೇವ್ ವೆಲ್ಡನ್, ಲಸಿಕೆ ಮೇಲೆ ಹಳೇ ಅನುಮಾನ ಇಟ್ಟುಕೊಂಡಿದ್ದ ಡಾಕ್ಟರು. ಓಟು ಸಾಲಲ್ಲ ಅಂತ ಗೊತ್ತಾಗಿ ವಿಚಾರಣೆಯ ದಿನವೇ ಹೆಸರು ವಾಪಸ್. ಆಮೇಲೆ ಸೂಸನ್ ಮೊನಾರೆಜ್ ಜುಲೈ 29ಕ್ಕೆ 51-47ರಲ್ಲಿ ಪಾಸಾದರು. ಆರೋಗ್ಯ ಸಚಿವ ರಾಬರ್ಟ್ ಕೆನಡಿ ಜೂನಿಯರ್ ಆಕೆಯ ವಿಜ್ಞಾನದ ಅರ್ಹತೆಯನ್ನು ಬಾಯ್ತುಂಬ ಹೊಗಳಿದರು. ಆಗಸ್ಟ್ 27ಕ್ಕೆ ಆಕೆ ಮನೆಗೆ. ನಮ್ಮಲ್ಲಿ ಹೊಸ ಸೊಸೆ ಆಷಾಢಕ್ಕೆ ತವರಿಗೆ ಹೋದರೆ ಪೂರಾ ಒಂದು ತಿಂಗಳು ಇರುತ್ತಾಳೆ, ಇವರಿಗೆ ಅಷ್ಟೂ ಸಿಗಲಿಲ್ಲ.

ಮನೆಗೆ ಕಳಿಸಿದ ರೀತಿಯೋ, ಅದೇ ಒಂದು ನಾಟಕ. ಇಲಾಖೆ ಎಕ್ಸ್‌ನಲ್ಲಿ "ಇವರು ಇನ್ನು ಡೈರೆಕ್ಟರ್ ಅಲ್ಲ" ಅಂತ ಹಾಕಿತು, ಆಕೆಯ ವಕೀಲರು "ರಾಜೀನಾಮೆ ಕೊಟ್ಟಿಲ್ಲ, ತೆಗೆದ ಸುದ್ದಿಯೂ ಬಂದಿಲ್ಲ" ಅಂದರು, ರಾತ್ರಿ ವೈಟ್‌ಹೌಸ್ "ಈಗ ತೆಗೆದಿದ್ದೇವೆ" ಅಂತು, ವಕೀಲರು ಮತ್ತೆ "ಸೆನೆಟ್ ಒಪ್ಪಿದ ಹುದ್ದೆ, ಅಧ್ಯಕ್ಷರೇ ತೆಗೀಬೇಕು" ಅಂದರು, ಮಾರನೇ ದಿನ "ಅಧ್ಯಕ್ಷರೇ ತೆಗೆದಿದ್ದು" ಅಂತ ಉತ್ತರ ಬಂತು.

ತಪ್ಪೇನು ಅಂದ್ರೆ, ಆಕೆ ಹೇಳೋ ಪ್ರಕಾರ, ತಲೆಯಾಡಿಸಲಿಲ್ಲ. ಲಸಿಕೆ ಸಮಿತಿ ಏನೇ ಶಿಫಾರಸು ಮಾಡಲಿ, ಮೊದಲೇ ಒಪ್ಪಿಕೋ ಅಂತ ಸಚಿವರು ಅಂದರಂತೆ. ಆ ಸಮಿತಿಯ 17 ಜನರನ್ನೂ ಜೂನ್‌ನಲ್ಲಿ ಸಚಿವರೇ ಒಟ್ಟಿಗೆ ಕಿತ್ತು ತಮಗೆ ಬೇಕಾದವರನ್ನು ಕೂರಿಸಿದ್ದರು. ಮೊದಲೇ ಒಪ್ಪಿಕೋ ಅಂದ ಮಾತನ್ನು ಸಚಿವರು ಒಪ್ಪಲ್ಲ. ಸೆನೆಟ್ ಮುಂದೆ ಅವರು ಹೇಳಿದ ಕಥೆಯೇ ಬೇರೆ: ನೀವು ನಂಬಿಕಸ್ಥರಾ ಅಂತ ಕೇಳಿದೆ, ಆಕೆ ಇಲ್ಲ ಅಂದರು! ಹಾಗೆ ಹೇಳೇ ಇಲ್ಲ ಅಂತ ಆಕೆ. ಬಾಯಿಬಿಟ್ಟು "ನಾನು ನಂಬಿಕಸ್ಥಳಲ್ಲ" ಅನ್ನೋರು ಸರ್ಕಾರಿ ಕೆಲಸದಲ್ಲಿ ಎಲ್ಲಾದರೂ ಸಿಕ್ಕರೆ ನನಗೂ ತೋರಿಸಿ, ಸನ್ಮಾನ ಮಾಡೋಣ.

ಕುರ್ಚಿ ಖಾಲಿ ಬಿಡೋಕಾಗಲ್ಲ. ಸಚಿವರ ಕೈಕೆಳಗಿನ ಜಿಮ್ ಒನೀಲ್ ಹಂಗಾಮಿಯಾಗಿ ಕೂತರು. ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ, ಹಣ ಹೂಡಿಕೆಯ ಲೋಕದಿಂದ ಬಂದವರು.

ಔಷಧಿ ನೋಡಿಕೊಳ್ಳುವ ಎಫ್‌ಡಿಎ ಕಥೆ ನಮ್ಮ ಕೆಂಪು ಬಸ್ಸಿನ ಸೀಟಿನ ಹಾಗೆ. ಲಸಿಕೆ ವಿಭಾಗದ ವಿನಯ್ ಪ್ರಸಾದ್ ವಿರುದ್ಧ ಲಾರಾ ಲೂಮರ್ ಅನ್ನೋ ಟ್ರಂಪ್ ಅಭಿಮಾನಿ ಸೋಷಿಯಲ್ ಮೀಡಿಯಾದಲ್ಲಿ ಗದ್ದಲ ಎಬ್ಬಿಸಿದರು. ಜುಲೈ ಕೊನೆಗೆ ಪ್ರಸಾದ್ ಎದ್ದು ಹೋದರು, ಎರಡು ವಾರ ತುಂಬುವ ಮೊದಲೇ ಬಂದು ಅದೇ ಸೀಟಲ್ಲಿ ಕೂತರು. ಟವೆಲ್ ಹಾಕಿ ಹೋಗಿದ್ದರೋ ಏನೋ.

ಇದು ಟ್ರಂಪ್ ಕಾಲಕ್ಕೇ ಹುಟ್ಟಿದ ಕಾಯಿಲೆಯೇನಲ್ಲ. ಮಂಡ್ಯದ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಗೊತ್ತಲ್ಲ? ಬಂದೂಕು ಕೂಡ ಆರೋಗ್ಯದ ವಿಷಯ ಅಂದಿದ್ದಕ್ಕೆ, ಒಬಾಮಾ ಇದ್ದಾಗಲೇ, ಸರ್ಜನ್ ಜನರಲ್, ಅಂದರೆ ಅಮೆರಿಕ ಸರ್ಕಾರದ ದೊಡ್ಡ ಡಾಕ್ಟರು, ಆಗೋಕೆ ವರ್ಷಕ್ಕೂ ಜಾಸ್ತಿ ಕಾದರು. ಬಂದೂಕಿನ ಲಾಬಿ ಅಷ್ಟು ಜೋರು.

ಮೊನ್ನೆ ನಮ್ಮ ಬೀದಿಗೆ ಬಂದ ಬಸವನನ್ನು ಕೇಳಿಯೇಬಿಟ್ಟೆ, ಅಟ್ಲಾಂಟಾಗೆ ಹೋಗ್ತೀಯಾ ಬಸವಣ್ಣ? ಹೂಂ ಅಂತು. ಯಜಮಾನ ಮಾತ್ರ ಒಪ್ಪಲಿಲ್ಲ. "ತಿಂಗಳು ತುಂಬೋದ್ರೊಳಗೆ ವಾಪಸ್ ಕಳಿಸ್ತಾರಂತಲ್ಲ ಸ್ವಾಮಿ, ಓಡಾಟದ ಖರ್ಚೂ ಗಿಟ್ಟಲ್ಲ" ಅಂದ.