ಆ ಮರಣಶಾಸನಕ್ಕೆ ಬಿಕ್ಕಲಂ ಯಾರದು?

ಕಳೆದ ಶನಿವಾರ ಸಂಜೆ, ನನ್ನ ವಕೀಲಿ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಬಂದ ತಂದೆ ಮಗ ಇಬ್ಬರು ನನ್ನ ಮೇಜಿನ ಮೇಲೆ ತಂದೆಯ ಮರಣಶಾಸನದ ನಾಲ್ಕು ಹಾಳೆಗಳನ್ನು ಇಟ್ಟರು. ಅಂದಿನಿಂದ ನನ್ನ ಮನಸ್ಸು ಸಮಾಧಾನದಲ್ಲಿಲ್ಲ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ತಂದೆ ತೆಂಗಿನ ತೋಟ ನೋಡಿಕೊಂಡು ಊರಿನಲ್ಲಿರುವ ಎಂಬತ್ತರ ಹತ್ತಿರದ ಹಿರಿಯರು. "ಎಐ ಹತ್ತಿರ ಬರೆಸಿದ್ದೀನಿ ಸರ್, ಕಾನೂನೆಲ್ಲ ನೋಡಿಯೇ ಬರೆದಿದೆ. ನೀವು ಒಂದು ಸಲ ಕಣ್ಣಾಡಿಸಿದರೆ ಸೋಮವಾರ ರಿಜಿಸ್ಟರ್ ಮಾಡಿಸಿಬಿಡ್ತೀವಿ" ಎಂದು ಮಗ ಹೇಳಿದ. ಅವರ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಹಾಳೆಗಳಲ್ಲಿದ್ದ ವಿಷಯವನ್ನು ಮಾತ್ರ ಬದಲಿಸಿಲ್ಲ.

ನಮ್ಮ ಕಡೆಯ ಹಳೆಯ ಪತ್ರಗಳನ್ನು ನೋಡಿದವರಿಗೆ ಗೊತ್ತು: ಬರೆಸಿಕೊಟ್ಟವರ ಸಹಿ, ಸಾಕ್ಷಿಗಳ ಸಹಿ ಎಲ್ಲ ಮುಗಿದ ಮೇಲೆ ಕೊನೆಯಲ್ಲಿ 'ಬಿಕ್ಕಲಂ' ಎಂದು ಹಾಕಿ, ಪತ್ರ ಬರೆದವನು ತನ್ನ ಹೆಸರು, ಊರು ನಮೂದಿಸಿ ಸಹಿ ಮಾಡುತ್ತಾನೆ. ಮರಣಶಾಸನಕ್ಕೆ ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ. ಆದರೂ ನಾಳೆ ವ್ಯಾಜ್ಯವಾದರೆ ಈ ಪತ್ರವನ್ನು ಯಾರು ಬರೆದರು, ಯಾರ ಬಾಯಿಂದ ಕೇಳಿ ಬರೆದರು ಎಂದು ವಿಚಾರಿಸುವುದಕ್ಕೆ ಒಬ್ಬ ಮನುಷ್ಯ ಸಿಗುತ್ತಾನೆ ಎಂಬ ಕಾರಣಕ್ಕೆ ಆ ಒಂದು ಸಾಲು ತಲೆಮಾರುಗಳಿಂದ ಉಳಿದುಬಂದಿದೆ. ಆ ನಾಲ್ಕು ಹಾಳೆಗಳಲ್ಲಿ ಬಿಕ್ಕಲಂ ಇರಲಿಲ್ಲ.

ಭಾಷೆಯ ಬಗ್ಗೆ ನನ್ನ ತಕರಾರಿಲ್ಲ. 'ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ' ಎಂಬ ವಾಕ್ಯದಿಂದ ಹಿಡಿದು ಷೆಡ್ಯೂಲಿನ ಚೆಕ್ಕುಬಂದಿಯವರೆಗೆ ಎಲ್ಲವೂ ಅಚ್ಚುಕಟ್ಟಾಗಿತ್ತು. ದೊಡ್ಡ ತಪ್ಪು ಇದ್ದದ್ದು ಒಂದೇ ಪದದಲ್ಲಿ, ಆ ಪದದ ಮೇಲೆಯೇ ಇಡೀ ಮರಣಶಾಸನ ನಿಂತಿತ್ತು. ತೋಟವನ್ನು 'ನನ್ನ ಸ್ವಯಾರ್ಜಿತ ಆಸ್ತಿ' ಎಂದು ಬರೆಯಲಾಗಿತ್ತು. ಪಹಣಿಯಲ್ಲಿ ಹಿರಿಯರ ಹೆಸರೊಂದೇ ಇದೆ. ಮಗ ಆ ಪಹಣಿಯನ್ನು ನೋಡಿ ಹೇಳಿದ್ದನ್ನು ಯಂತ್ರ ನಂಬಿದೆ. ಮ್ಯುಟೇಷನ್ನಿನ, ಅಂದರೆ ಪಹಣಿಯಲ್ಲಿ ಹೆಸರು ಬದಲಾದ ದಾಖಲೆಯ, ಜಾಡು ಹಿಡಿದು ಹೋದರೆ ಅದು 1986ರಲ್ಲಿ ಅಣ್ಣತಮ್ಮಂದಿರ ನಡುವೆ ಆದ ವಿಭಾಗದಿಂದ ಅವರ ಪಾಲಿಗೆ ಬಂದ ಪಿತ್ರಾರ್ಜಿತ ಜಮೀನು. ಅಂಥ ಜಮೀನಿನಲ್ಲಿ ಅವರ ಮಕ್ಕಳಿಗೆ, ಹೆಣ್ಣುಮಕ್ಕಳೂ ಸೇರಿ, ಹುಟ್ಟಿನಿಂದಲೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮಿನಂತೆ ಅವರು ಮರಣಶಾಸನ ಮಾಡಬಹುದಾದದ್ದು ತಮ್ಮ ಪಾಲಿಗೆ ಮಾತ್ರ. ಇಡೀ ತೋಟವನ್ನು ಮಗನಿಗೆ ಬರೆದುಕೊಟ್ಟಿರುವ ಆ ಪತ್ರ ನೋಂದಣಿಯಾಗಿ, ಉಪನೋಂದಣಾಧಿಕಾರಿಯ ಮೊಹರು ಬಿದ್ದು, ಕಬ್ಬಿಣದ ಪೆಟ್ಟಿಗೆಯೊಳಗೆ ಭದ್ರವಾಗಿ ಕುಳಿತಿರುತ್ತಿತ್ತು. ನೋಂದಣಿ ಕಚೇರಿಯಲ್ಲಿ ಆಸ್ತಿ ಸ್ವಯಾರ್ಜಿತವೋ ಅಲ್ಲವೋ ಎಂದು ವಿಚಾರಣೆ ನಡೆಸುವುದಿಲ್ಲ. ತಪ್ಪು ಹೊರಬೀಳುವುದು ಹಿರಿಯರು ತೀರಿಕೊಂಡ ಮೇಲೆ, ಹೆಣ್ಣುಮಕ್ಕಳು ದಾವೆ ಹೂಡಿದಾಗ. ಆ ಹೊತ್ತಿಗೆ ಅದನ್ನು ತಿದ್ದಬಲ್ಲ ಒಬ್ಬನೇ ಮನುಷ್ಯ ಇರುವುದಿಲ್ಲ.

ಆ ರಾತ್ರಿ ನಾನೇ ಮೊಬೈಲಿನಲ್ಲಿ ಪ್ರಶ್ನೆ ಹಾಕಿ ನೋಡಿದೆ. 1991ರಲ್ಲಿ ಮದುವೆಯಾದ ಮಗಳಿಗೆ ಇಂಥ ಜಮೀನಿನಲ್ಲಿ ಪಾಲಿದೆಯೇ ಎಂದು ಕೇಳಿದೆ. ಕರ್ನಾಟಕದ 1994ರ ತಿದ್ದುಪಡಿ ಜಾರಿಗೆ ಬರುವ ಮೊದಲೇ ಮದುವೆಯಾಗಿರುವುದರಿಂದ ಇಲ್ಲ ಎಂಬ ಉತ್ತರ ಬಂತು. ಹಾಗೊಂದು ತಿದ್ದುಪಡಿ ಇದ್ದದ್ದು ನಿಜ, ಅದು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟದ್ದೂ ನಿಜ. 2005ರ ಕೇಂದ್ರದ ತಿದ್ದುಪಡಿ ಏನು ಹೇಳುತ್ತದೆ ಎಂದು ಮತ್ತೆ ಕೇಳಿದಾಗ ಕ್ಷಮೆ ಕೇಳಿ, ಮದುವೆಯಾಗಿದ್ದರೂ ಮಗಳಿಗೆ ಸಮಾನ ಪಾಲಿದೆ ಎಂದಿತು. ಆ ಹಕ್ಕು ಹುಟ್ಟಿನಿಂದ ಬಂದದ್ದು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದ್ದನ್ನು ಮೂರನೆಯ ಸಲ ಕೇಳಿದ ಮೇಲೆ ಸೇರಿಸಿತು. ಕೊನೆಗೆ ಸಿಕ್ಕ ಉತ್ತರ ಸರಿಯಾಗಿಯೇ ಇತ್ತು. ಆದರೆ ಅದು ಸಿಕ್ಕಿದ್ದು ಉತ್ತರ ಮೊದಲೇ ಗೊತ್ತಿದ್ದ ನನಗೆ. ಆ ಹುಡುಗ ಎರಡನೆಯ ಪ್ರಶ್ನೆಯನ್ನು ಯಾಕಾಗಿ ಕೇಳುತ್ತಾನೆ? ಮೊದಲನೆಯ ಉತ್ತರವೇ ಅವನಿಗೆ ಅನುಕೂಲವಾಗಿತ್ತು.

ಇನ್ನೂ ಕೆಲವು ತಪ್ಪುಗಳಿದ್ದವು, ಅವನ್ನು ಬೇಗ ಹೇಳಿ ಮುಗಿಸುತ್ತೇನೆ. ಹಾಳೆಗಳ ಜೊತೆ ಬಂದಿದ್ದ ಸೂಚನೆಗಳಲ್ಲಿ ನೋಟರಿಯ ಮುಂದೆ ಸಹಿ ಮಾಡಿದರೆ ಸಾಕ್ಷಿಗಳು ಬೇಡ ಎಂದಿತ್ತು. ಅದು ಯಾವ ದೇಶದ ಪದ್ಧತಿಯೋ; ನಮ್ಮಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಂತೆ ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಲೇಬೇಕು, ಯಾವ ನೋಟರಿಯ ಮೊಹರೂ ಅವರ ಜಾಗವನ್ನು ತುಂಬುವುದಿಲ್ಲ. ಮುಂದೆ ಮರುಮದುವೆಯಾದರೆ ಈ ಮರಣಶಾಸನ ತಾನಾಗಿಯೇ ರದ್ದಾಗುತ್ತದೆ ಎಂದೂ ಇತ್ತು. ಅದು ನಮ್ಮ ದೇಶದಲ್ಲಿ ಕ್ರೈಸ್ತರಿಗೆ ಅನ್ವಯಿಸುವ ನಿಯಮ, ಹಿಂದೂಗಳಿಗೆ ಅಲ್ಲ. ಬ್ಯಾಂಕಿನ ಠೇವಣಿಗೆ ಮಗನೇ ನಾಮಿನಿಯಾಗಿರುವುದರಿಂದ ಅದು ಅವನದೇ, ಮರಣಶಾಸನದಲ್ಲಿ ಸೇರಿಸಬೇಕಿಲ್ಲ ಎಂದಿತ್ತು. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವವನು. ಆ ಹಣ ಯಾರಿಗೆ ಸೇರಬೇಕೆಂಬುದನ್ನು ವಾರಸುದಾರಿಕೆಯ ಕಾನೂನೋ ಮರಣಶಾಸನವೋ ತೀರ್ಮಾನಿಸುತ್ತದೆ. ಈ ಒಂದು ತಪ್ಪು ತಿಳಿವಳಿಕೆಯಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ನನ್ನ ಕಡತಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತು.

ಇವನ್ನೆಲ್ಲ ಯಂತ್ರ ಮುಂದೊಂದು ದಿನ ಕಲಿಯಬಹುದು. ನಮ್ಮ ಕಾಯ್ದೆಗಳನ್ನೂ ಮ್ಯುಟೇಷನ್ ದಾಖಲೆಗಳನ್ನೂ ಅದಕ್ಕೆ ಓದಿಸಬಹುದು. ನನ್ನನ್ನು ಕಾಡುತ್ತಿರುವುದು ಬೇರೆ. ಆ ಮರಣಶಾಸನ ತಂದೆಯದು, ಅದನ್ನು ಬರೆಸಿದ ಬೆರಳುಗಳು ಮಗನವು. ಎದುರಿಗೆ ಕೂತು ಹೇಳುತ್ತಿರುವವನು ಆಸ್ತಿ ಕೊಡುವವನೋ ಪಡೆಯುವವನೋ ಎಂಬುದು ಯಂತ್ರಕ್ಕೆ ಕಾಣುವುದಿಲ್ಲ. 'ಯಾರ ಒತ್ತಾಯಕ್ಕೂ ಒಳಗಾಗದೆ' ಎಂದು ಅದು ಬರೆದುಕೊಟ್ಟ ಹೊತ್ತಿನಲ್ಲಿ ಆ ಹಿರಿಯರು ತೋಟದಲ್ಲಿ ಇದ್ದರಂತೆ.

ಈ ವಿಷಯದಲ್ಲಿ ನಮ್ಮ ದೇಶದ ನ್ಯಾಯಾಲಯಗಳು ಇಂದಿಗೂ ಉಲ್ಲೇಖಿಸುವ ತೀರ್ಪು ನಮ್ಮ ಮೈಸೂರು ಸೀಮೆಯ ಪ್ರಕರಣದ್ದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ನಡುವಿನ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ತೀರ್ಪು ನೀಡಿತು. ಮರಣಶಾಸನ ನ್ಯಾಯಾಲಯದ ಮುಂದೆ ಬರುವಾಗ ಅದನ್ನು ಮಾಡಿದವರು ಈ ಲೋಕದಲ್ಲಿರುವುದಿಲ್ಲ, ಇದು ನನ್ನದು ಎಂದೋ ಅಲ್ಲ ಎಂದೋ ಹೇಳಲು ಅವರು ಬರಲಾರರು, ಆದ್ದರಿಂದ ಸಂಶಯದ ಸನ್ನಿವೇಶಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಆ ಪತ್ರವನ್ನು ಮುಂದಿಡುವವರದು ಎಂಬುದು ಅದರ ತಿರುಳು. ಲಾಭ ಪಡೆಯುವವನೇ ಮುಂದೆ ನಿಂತು ಮರಣಶಾಸನ ಬರೆಸುವುದು ಅಂಥ ಸನ್ನಿವೇಶಗಳಲ್ಲಿ ಮುಖ್ಯವಾದದ್ದು. ಮಗ ತನ್ನ ಮೊಬೈಲಿನಲ್ಲಿ ಬರೆಸಿದ ಮರಣಶಾಸನಕ್ಕೆ ಇದಕ್ಕಿಂತ ದೊಡ್ಡ ಸಂಶಯ ಬೇರೆ ಬೇಕೆ? ನಮ್ಮ ಶಾಸಕಾಂಗವೂ ಇಲ್ಲಿ ಎಚ್ಚರ ವಹಿಸಿದೆ. ವಿದ್ಯುನ್ಮಾನ ಸಹಿಗೆ ಮಾನ್ಯತೆ ಕೊಟ್ಟ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಮರಣಶಾಸನವನ್ನು ಆ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕಾಗದ, ಶಾಯಿ, ಕಣ್ಣಾರೆ ಕಂಡ ಇಬ್ಬರು ಮನುಷ್ಯರು ಇಂದಿಗೂ ಬೇಕು.

ಇಷ್ಟು ಕಟುವಾಗಿ ಬರೆಯುತ್ತಿರುವುದಕ್ಕೆ ಕಾರಣ ಹೇಳಬೇಕು. ಇದನ್ನು ನಾನು ಹೆಚ್ಚು ಜನರಿಗೆ ಹೇಳಿದವನಲ್ಲ. ವೃತ್ತಿಗೆ ಬಂದ ಎರಡನೆಯ ವರ್ಷ, 1999ರಲ್ಲಿ, ಒಬ್ಬ ಮಗ ತನ್ನ ತಾಯಿಯನ್ನು ಕರೆದುಕೊಂಡು ಬಂದಿದ್ದ. ಅವನು ಹೇಳಿದಂತೆ ನಾನು ಬರೆದೆ. ಓದಿ ಹೇಳಿ, "ಸರಿಯೇನಮ್ಮಾ?" ಎಂದು ಕೇಳಿದೆ. ಆ ತಾಯಿ ಮಗನ ಮುಖ ನೋಡಿ ತಲೆಯಾಡಿಸಿದರು, ಎಡಗೈ ಹೆಬ್ಬೆಟ್ಟು ಒತ್ತಿದರು. ನಾನು ಬಿಕ್ಕಲಂ ಹಾಕಿದೆ. ಅವರು ತೀರಿಕೊಂಡ ಮೇಲೆ ಮಗಳು ದಾವೆ ಹೂಡಿದಳು, ನನ್ನನ್ನು ಸಾಕ್ಷಿಕಟ್ಟೆಗೆ ಕರೆದರು. ಪಾಟೀಸವಾಲಿನಲ್ಲಿ ಎದುರು ವಕೀಲರು ಬಹಳ ಮೆಲ್ಲಗೆ, "ಆ ತಾಯಿಯನ್ನು ಒಬ್ಬರನ್ನೇ ಕೂರಿಸಿಕೊಂಡು ಒಂದು ಮಾತಾದರೂ ಕೇಳಿದ್ದಿರಾ?" ಎಂದರು. ಇಲ್ಲ ಎಂದೆ. ಮರಣಶಾಸನ ಬಿದ್ದುಹೋಯಿತು, ಬೀಳಬೇಕಾದದ್ದೇ. ಆ ಮಗಳು ಹೊರಗೆ ಜಗಲಿಯಲ್ಲಿ ನನ್ನನ್ನು ನೋಡಿದ ನೋಟವನ್ನು ನಾನು ಇಂದಿಗೂ ಮರೆತಿಲ್ಲ. ಆ ದಿನದಿಂದ, ಆಸ್ತಿ ಪಡೆಯುವವರನ್ನು ಹೊರಗೆ ಕಳಿಸದೆ ನಾನು ಒಂದು ಮರಣಶಾಸನವನ್ನೂ ಬರೆದಿಲ್ಲ.

ಇದು ವಕೀಲನ ಹೊಟ್ಟೆಪಾಡಿನ ಮಾತು ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ, ನೇರವಾಗಿ ಹೇಳಿದವರೂ ಇದ್ದಾರೆ. ಶುಲ್ಕ ಕೊಡಲಾಗದ ಬಡವರಿಗೆ ಇದು ವರವಲ್ಲವೇ, ಮರಣಶಾಸನವನ್ನೇ ಮಾಡದೆ ಸಾಯುವುದಕ್ಕಿಂತ ಇದು ಮೇಲಲ್ಲವೇ ಎಂದು ಕೇಳುತ್ತೀರಿ. ಮರಣಶಾಸನಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ವಕೀಲನೂ ಬೇಕಿಲ್ಲ. ಬಿಳಿಯ ಹಾಳೆಯ ಮೇಲೆ ಸ್ವಂತ ಕೈಯಿಂದ ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದರೆ ಕಾನೂನು ಅದನ್ನು ಒಪ್ಪುತ್ತದೆ. ನನ್ನ ಶುಲ್ಕವನ್ನು ಉಳಿಸುವ ದಾರಿಯನ್ನು ನಾನೇ ಹೇಳುತ್ತಿದ್ದೇನೆ. ಆಸ್ತಿಗಳ ಪಟ್ಟಿ ಮಾಡಿಕೊಳ್ಳಲು, ಕಠಿಣ ಪದದ ಅರ್ಥ ತಿಳಿಯಲು ಎಐ ಬಳಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಅದು ಕೊಟ್ಟ ಕಾನೂನನ್ನು ಪರೀಕ್ಷಿಸದೆ ನಂಬಬೇಡಿ. ನ್ಯಾಯಪೀಠಗಳೇ ಇಲ್ಲಿ ಎಡವಿವೆ: 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಒಂದು ಟ್ರಸ್ಟಿನ ಪ್ರಕರಣದಲ್ಲಿ ನೀಡಿದ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖವಿದ್ದು, ಆ ಆದೇಶವನ್ನು ಹಿಂಪಡೆಯಬೇಕಾಯಿತು. ಅಲ್ಲಿ ತಪ್ಪನ್ನು ಹಿಡಿಯಲು ಓದಿಕೊಂಡ ಜನರಿದ್ದರು. ಹಳ್ಳಿಯ ಹಿರಿಯರೊಬ್ಬರ ಮರಣಶಾಸನವನ್ನು ಅವರು ಬದುಕಿರುವಾಗ ಯಾರು ಹಿಡಿದು ನೋಡುತ್ತಾರೆ?

ಶನಿವಾರ ಮಗನನ್ನು ಕಾಫಿ ತರಲು ಕಳಿಸಿ ಬಾಗಿಲು ಮುಂದೆ ಮಾಡಿದೆ. ಹುಡುಗ ಕೆಟ್ಟವನಲ್ಲ, ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ನಂಬಿದ್ದ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಕೊಡಬೇಕಾದದ್ದನ್ನೆಲ್ಲ ಕೊಟ್ಟಾಗಿದೆ ಎಂದು ಪತ್ರದಲ್ಲಿದೆ, ನಿಜವೇ ಎಂದು ಕೇಳಿದೆ. ಚಿಕ್ಕ ಮಗಳು ಗಂಡನನ್ನು ಕಳೆದುಕೊಂಡು ಒಂಬತ್ತು ವರ್ಷದಿಂದ ಮನೆಯಲ್ಲೇ ಇದ್ದಾಳೆ, ಹಸುಗಳನ್ನೂ ತನ್ನನ್ನೂ ನೋಡಿಕೊಳ್ಳುವವಳು ಅವಳೇ ಎಂದರು. ಆ ನಾಲ್ಕು ಹಾಳೆಗಳಲ್ಲಿ ಅವಳ ಹೆಸರು ಬಂದದ್ದು ಒಂದೇ ಕಡೆ, ಏನೂ ಕೊಡದಿರುವ ಕಡೆ. "ಅವಳು ಇರೋವರೆಗೂ ಆ ಮನೆಯಿಂದ ಯಾರೂ ಏಳಿಸಬಾರದು ಅಂತ ಬರೀಬೋದಾ ಸ್ವಾಮಿ?" ಎಂದು ಕೇಳಿದರು. ಮನೆ ಅವರೇ ದುಡಿದು ಕಟ್ಟಿಸಿದ್ದು, ನಿವೇಶನವೂ ಅವರು ಕೊಂಡದ್ದು. ಖಂಡಿತ ಬರೆಯಬಹುದು ಎಂದೆ. "ಮೊದಲೇ ಯಾರೂ ಕೇಳಲಿಲ್ಲ" ಎಂದರು.

ಮಗ ಕಾಫಿ ತಂದ ಮೇಲೆ ಈ ಮಾತನ್ನು ಅವರೇ ಅವನಿಗೆ ಹೇಳಿದರು. ಅವನು ತಲೆತಗ್ಗಿಸಿಕೊಂಡು, "ನನಗೆ ಹೇಳಬಹುದಿತ್ತಲ್ಲ ಅಪ್ಪಾ" ಎಂದ. 1986ರ ಪಾಲುಪಟ್ಟಿ, ಮನೆಯ ಖಾತೆ, ಕ್ರಯಪತ್ರ ತೆಗೆದುಕೊಂಡು ಇದೇ ಬುಧವಾರ ಬನ್ನಿ ಎಂದು ಹೇಳಿ ಕಳಿಸಿದ್ದೇನೆ. ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬರುತ್ತೇನೆ ಎಂದಿದ್ದಾರೆ ಹಿರಿಯರು.