ಅಕ್ಕ ಕೇಳಿದ್ದು ಬೈಕಾ ಕಾರಾ ಅಂತ

ಕಳೆದ ವಾರ ರಾತ್ರಿ ಅಕ್ಕ ಫೋನ್ ಮಾಡಿದ್ದಳು. ಅವಳ ಮಗನಿಗೆ, ಅಂದರೆ ನನ್ನ ಅಳಿಯನಿಗೆ, ಡ್ಯೂಕ್ 390 ಬೈಕ್ ಬೇಕಂತೆ. ಇಪ್ಪತ್ತು ವರ್ಷ, ಮಂಗಳೂರಿನಲ್ಲಿ ಇಂಜಿನಿಯರಿಂಗ್, ಎರಡು ತಿಂಗಳಿಂದ ಮನೆಗೆ ಬಂದಾಗಲೆಲ್ಲ ಇದೇ ರಗಳೆ. ಭಾವ ಮಾತ್ರ "ಬೈಕ್ ಬೇಡವೇ ಬೇಡ, ಇನ್ನೊಂದು ಸ್ವಲ್ಪ ಹಾಕಿ ಸೆಕೆಂಡ್ ಹ್ಯಾಂಡ್ ಕಾರೇ ತೆಗೆದು ಕೊಡುವ, ಜೀವಕ್ಕಾದರೂ ಭದ್ರ" ಅಂತ ಪಟ್ಟು ಹಿಡಿದು ಕೂತಿದ್ದಾರೆ. "ನೀನೆಂತ ಹೇಳುದು? ನೀನೂ ಬೈಕಿನಿಂದ ಬಿದ್ದವನೇ ಅಲ್ವಾ?" ಅಂತ ಅಕ್ಕ.

ಬಿದ್ದವನೇ ಹೌದು. ಆದರೆ ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಯುವ ಸಂಗತಿ ಅಲ್ಲ ಇದು. ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ನನ್ನದು ಆರ್‌ಎಕ್ಸ್ 100. ಆ ಬೈಕ್ 1985ರಲ್ಲಿ ಬಂದು 1996ಕ್ಕೆ ನಿಂತಿತ್ತು, ನಾನು ಕೊಂಡದ್ದು 2001ರಲ್ಲಿ, ಅದಾಗಲೇ ಇಬ್ಬರ ಕೈ ದಾಟಿ ಬಂದಿತ್ತು. 98 ಸಿಸಿ, 11 ಕುದುರೆ ಶಕ್ತಿ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಆದರೆ ತೂಕ ನೂರು ಕೆ.ಜಿ. ಚಿಲ್ಲರೆ ಅಷ್ಟೆ. ಎಕ್ಸಲೇಟರ್ ಸ್ವಲ್ಪ ತಿರುವಿದರೆ ಹಗ್ಗ ಬಿಚ್ಚಿದ ಕರುವಿನ ಹಾಗೆ ಜಿಗಿಯುತ್ತಿತ್ತು. ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಕುಂಬಳೆಗೆ, ಮುಳ್ಳೇರಿಯಕ್ಕೆ, ರಜೆ ಇದ್ದರೆ ಪೊಸಡಿಗುಂಪೆಗೆ ಅಂತ ಅದರಲ್ಲಿ ತಿರುಗದ ಜಾಗ ಇಲ್ಲ.

ಬೈಕ್ ಓಡಿಸದವರಿಗೆ ಅದರ ಖುಷಿ ಬರೀ ಸ್ಪೀಡು ಅಂತ ಕಾಣುತ್ತದೆ. ನನಗೆ ಇವತ್ತಿಗೂ ನೆನಪಿರುವುದು ಬೇರೆ. ನಮ್ಮ ಕಡೆಯ ರಸ್ತೆ ಗೊತ್ತಲ್ಲ, ಗುಡ್ಡೆ ಹತ್ತುತ್ತದೆ, ತೋಟಕ್ಕೆ ಇಳಿಯುತ್ತದೆ, ಮತ್ತೆ ಗುಡ್ಡೆ. ಸಂಜೆ ಹೊತ್ತು ಗುಡ್ಡೆಯಲ್ಲಿ ಮುರಕಲ್ಲಿನ ಬಿಸಿ ಇನ್ನೂ ಇರುತ್ತದೆ, ರಸ್ತೆ ಅಡಿಕೆ ತೋಟದ ಪಕ್ಕಕ್ಕೆ ಇಳಿದ ಕೂಡಲೇ ಮೊದಲು ಮೊಣಕಾಲಿಗೆ ತಂಪು ತಾಗುತ್ತದೆ, ಆಮೇಲೆ ಎದೆಗೆ. ಗೇರು ಹೂ ಬಿಡುವ ಕಾಲದಲ್ಲಿ ಯಾವ ತಿರುವಿಗೆ ಯಾವ ವಾಸನೆ ಅಂತ ಕಣ್ಣು ಮುಚ್ಚಿ ಹೇಳಬಹುದಿತ್ತು (ಕಣ್ಣು ಮುಚ್ಚಿ ಓಡಿಸಿಲ್ಲ, ಅಕ್ಕ ಓದುತ್ತಿದ್ದರೆ ಗಾಬರಿ ಬೇಡ). ಕಾರಿನಲ್ಲಿ ಅದೇ ರಸ್ತೆಯಲ್ಲಿ ಈಗ ದಿನಾ ಹೋಗುತ್ತೇನೆ. ಎಲ್ಲಾ ಕಡೆ ಇಪ್ಪತ್ತನಾಲ್ಕು ಡಿಗ್ರಿ.

ಮತ್ತೆ ತಿರುವು. ಬೈಕ್ ತಿರುಗುವ ರೀತಿಯೇ ವಿಚಿತ್ರ. ಸ್ವಲ್ಪ ಸ್ಪೀಡಿನಲ್ಲಿ ಎಡಕ್ಕೆ ತಿರುಗಬೇಕಾದರೆ ಎಡಗೈಯಿಂದ ಹ್ಯಾಂಡಲನ್ನು ಮುಂದಕ್ಕೆ ಒತ್ತಬೇಕು. ಅಂದರೆ ಒಂದು ಕ್ಷಣ ಚಕ್ರ ಬಲಕ್ಕೆ ಹೋಗುತ್ತದೆ, ಬೈಕ್ ಎಡಕ್ಕೆ ವಾಲುತ್ತದೆ, ಆ ವಾಲಿಕೆಯೇ ತಿರುಗಿಸುತ್ತದೆ. ಎಲ್ಲರೂ ಗೊತ್ತಿಲ್ಲದೆಯೇ ಹೀಗೆ ಮಾಡುತ್ತಾರೆ, ಕೇಳಿದರೆ ಇಲ್ಲ ಅನ್ನುತ್ತಾರೆ. ಹಾಗೆ ವಾಲಿದಾಗ ನಮಗೂ ನೆಲಕ್ಕೂ ನಡುವೆ ಇರುವುದು ಎರಡು ಟಯರಿನ ಎರಡು ತುಂಡು ರಬ್ಬರ್, ಒಂದೊಂದು ಅಂಗೈ ಅಗಲಕ್ಕಿಂತಲೂ ಚಿಕ್ಕದು. ಬೈಕಿನ ಮಜಾ ಇರುವುದೂ ಅಲ್ಲೇ, ಎಲುಬು ಮುರಿಯುವುದೂ ಅಲ್ಲೇ.

ನನ್ನದು ಮುರಿದದ್ದು 2004ರ ಜೂನಿನಲ್ಲಿ. ಮೊದಲ ಮಳೆ ಬಿದ್ದು ಅರ್ಧ ಗಂಟೆ ಆಗಿತ್ತು. ನಾಲ್ಕು ತಿಂಗಳ ಧೂಳು, ಲಾರಿಗಳ ಆಯಿಲ್ ಎಲ್ಲ ಮೊದಲ ಮಳೆಗೆ ಮೇಲೆದ್ದು ರಸ್ತೆ ಸಾಬೂನು ಹಚ್ಚಿದ ಬಚ್ಚಲಿನ ಹಾಗೆ ಆಗುತ್ತದೆ. ಜೋರು ಮಳೆ ನಾಲ್ಕು ದಿನ ಹೊಯ್ದ ಮೇಲೆ ಅಷ್ಟು ಜಾರುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೀರ್ಚಾಲು ಕಳೆದು ಒಂದು ತಿರುವಿನಲ್ಲಿ, ಬೈಕ್ ವಾಲಿರುವಾಗ, ಎದುರಿನಿಂದ ಕೆಂಪುಕಲ್ಲಿನ ಲಾರಿ ಕಂಡು ಮುಂದಿನ ಬ್ರೇಕ್ ಹಿಸುಕಿದೆ. ಲಾರಿ ತನ್ನ ಪಾಡಿಗೆ ತನ್ನ ಕಡೆಯಲ್ಲೇ ಇತ್ತು, ಪಾಪ. ಮುಂದಿನ ಚಕ್ರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಹಾಗೆಯೇ ಅನಿಸುವುದು, ಜಾರಿತು ಅಂತ ಅನಿಸುವುದಿಲ್ಲ, ಕೆಳಗಿನಿಂದ ಯಾರೋ ತೆಗೆದ ಹಾಗೆ. ಹೆಗಲಿನ ಮುಂದಿನ ಎಲುಬು, ಕಾಲರ್ ಬೋನ್ ಅಂತಾರಲ್ಲ, ಅದು ಎರಡು ತುಂಡು. ಎಡ ಮೊಣಕೈಗೆ ರಸ್ತೆಯ ಜಲ್ಲಿ ಹೊಕ್ಕಿತ್ತು, ನರ್ಸಮ್ಮ ಬ್ರಷ್ ಹಾಕಿ ತಿಕ್ಕಿ ತೆಗೆದರು, ಎಲುಬಿನ ನೋವು ಮರೆತು ಹೋಯಿತು. ಒಂದು ಕಲ್ಲು ಇನ್ನೂ ಒಳಗೇ ಉಂಟು, ಚಳಿಗೆ ಹೇಳುತ್ತದೆ. ಹೆಲ್ಮೆಟ್‌ನ ಎಡ ಬದಿ ತೇದು ಬಿಳಿ ಆಗಿತ್ತು. ಅದು ಕೆನ್ನೆ ಆಗಬಹುದಿತ್ತು.

ಹಾಗಾಗಿ ಬೈಕ್ ಅಪಾಯ ಅಲ್ಲ ಅಂತ ಹೇಳಲು ನಾನು ಹೊರಟಿಲ್ಲ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ನೂರಕ್ಕೆ 44 ಮಂದಿಗಿಂತ ಜಾಸ್ತಿ ಎರಡು ಚಕ್ರದವರು. ಕಾರಿನಲ್ಲಿದ್ದವರ ಪಾಲು ಅದರ ಮೂರರಲ್ಲಿ ಒಂದರಷ್ಟೂ ಇಲ್ಲ. ಅಳಿಯ ಫಾರ್ಮುಲಾ ಒನ್ ಹುಚ್ಚ, ಅವನಿಗೆ ಅವನದೇ ಭಾಷೆಯಲ್ಲಿ ಹೇಳಿದೆ. 2020ರಲ್ಲಿ ಬಹ್ರೇನಿನ ರೇಸಿನಲ್ಲಿ ಗ್ರೋಜಾನ್‌ನ ಕಾರು ತಡೆಗೋಡೆಗೆ ಗುದ್ದಿ ಎರಡು ತುಂಡಾಗಿ ಹೊತ್ತಿ ಉರಿಯಿತು, ಅರ್ಧ ನಿಮಿಷದ ಹತ್ತಿರ ಬೆಂಕಿಯೊಳಗಿದ್ದು ಮನುಷ್ಯ ತಾನೇ ಹತ್ತಿ ಹೊರಗೆ ಬಂದ, ಸುಟ್ಟದ್ದು ಕೈ. 2011ರಲ್ಲಿ ಮಲೇಶಿಯಾದ ಸೆಪಾಂಗಿನ ಬೈಕ್ ರೇಸಿನಲ್ಲಿ ಸಿಮೊನ್ಸೆಲ್ಲಿ ಜಾರಿ ಬಿದ್ದ, ಹಿಂದಿನಿಂದ ಬಂದ ಇಬ್ಬರಿಗೆ ತಪ್ಪಿಸಲು ಆಗಲಿಲ್ಲ, ಅಲ್ಲಿಗೆ ಮುಗಿಯಿತು. ಕಾರಿಗೆ ಮುಂದೆ ಮುದುಡಿಕೊಳ್ಳಲು ಬಾನೆಟ್ ಉಂಟು, ಬೆಲ್ಟ್ ಉಂಟು, ಗಾಳಿ ಚೀಲ ಉಂಟು. ಬೈಕಿನಲ್ಲಿ ಮುದುಡಿಕೊಳ್ಳುವುದು ನಾವೇ.

ಅದರ ಮೇಲೆ ಈಗಿನ ಬೈಕುಗಳಲ್ಲಿ ಸ್ಪೀಡು ಅಗ್ಗ ಆಗಿದೆ. ಡ್ಯೂಕ್ 390ಕ್ಕೆ ಹತ್ತಿರ ಹತ್ತಿರ 45 ಕುದುರೆ ಶಕ್ತಿ, ತೂಕ 170 ಕೆ.ಜಿ. ಆಸುಪಾಸು. ನಾವು ಮನೆ ಮಂದಿಯೆಲ್ಲ ಕೂತು ಹೋಗುವ ಸ್ವಿಫ್ಟಿಗೆ ಅದರ ದುಪ್ಪಟ್ಟು ಶಕ್ತಿ ಇರಬಹುದು, ತೂಕ ಐದು ಪಾಲು ಜಾಸ್ತಿ. ನಿಂತಲ್ಲಿಂದ ನೂರಕ್ಕೆ ಆರು ಸೆಕೆಂಡಿನಲ್ಲಿ ಹೋಗುವ ಕಾರು ಬೇಕಾದರೆ ಹತ್ತಾರು ಲಕ್ಷದ ಲೆಕ್ಕ ಹಾಕಬೇಕು. ಬೈಕಿನಲ್ಲಿ ಅದು ಮೂರು ಚಿಲ್ಲರೆ ಲಕ್ಷಕ್ಕೆ, ಇಪ್ಪತ್ತರ ಹುಡುಗನ ಬಲಗೈಗೆ ಸಿಗುತ್ತದೆ. ಭಾವನ ಹೆದರಿಕೆ ಸುಮ್ನೆ ಅಲ್ಲ.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ನಾನೂ ಕಾರೇ ತೆಗೆದು ಕೊಡಿ ಅನ್ನುತ್ತೇನೆ ಅಂತ ಅನಿಸೀತು. ಈಗ ಹೇಳುವುದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಕರ್ನಾಟಕದ ಗಡಿ ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ಹೈವೇ ಈಗ ಆರು ಪಥ ಆಗಿದೆಯಲ್ಲ. ಹಿಂದೆ ಉಪ್ಪಳ ಪೇಟೆ ದಾಟುವುದಕ್ಕೇ ಒಂದು ಚಾ ಕುಡಿಯುವಷ್ಟು ಹೊತ್ತು ಬೇಕಿತ್ತು. ಒಂದು ರಾತ್ರಿ ಮಂಗಳೂರಿನಿಂದ ಮದುವೆ ಊಟ ಮುಗಿಸಿ ಬರುತ್ತಿದ್ದೆವು. ಹತ್ತು ಗಂಟೆ ಕಳೆದಿತ್ತು. ಪಕ್ಕದಲ್ಲಿ ಹೆಂಡತಿಗೆ ನಿದ್ದೆ, ಹಿಂದೆ ಮಗಳಿಗೆ ನಿದ್ದೆ. ಗ್ಲಾಸ್ ಏರಿಸಿತ್ತು, ಎ.ಸಿ. ಇತ್ತು, ಸಣ್ಣಗೆ ಯಕ್ಷಗಾನದ ಹಾಡು ಹಾಕಿದ್ದೆ. ನನ್ನ ಮನಸ್ಸಿನ ಲೆಕ್ಕದಲ್ಲಿ ಎಂಬತ್ತರಲ್ಲಿ ಹೋಗುತ್ತಿದ್ದೆ. ಸುಮ್ನೆ ಮೀಟರ್ ನೋಡಿದೆ, 118. ಒಮ್ಮೆ ನಗು ಬಂತು ಕೂಡ, ಎಷ್ಟು ಒಳ್ಳೆ ಗಾಡಿ ಅಂತ. ತಲೆ ಎತ್ತಿದರೆ ಮುಂದೆ, ನನ್ನದೇ ಪಥದಲ್ಲಿ, ನನ್ನ ಕಡೆಗೇ, ಲೈಟಿಲ್ಲದ ಒಂದು ಸ್ಕೂಟರ್.

ಬ್ರೇಕ್ ತುಳಿದೆ. ಕಾಲಿನ ಅಡಿಯಲ್ಲಿ ಪೆಡಲ್ ಗಡಗಡ ನಡುಗಿತು, ಚಕ್ರ ಲಾಕ್ ಆಗದ ಹಾಗೆ ನೋಡುವ ಎಬಿಎಸ್ ಕೆಲಸ ಮಾಡುವಾಗ ಹಾಗೆಯೇ. ನಿಂತಾಗ ಸ್ಕೂಟರು ಬಾನೆಟ್ಟಿನಿಂದ ಎರಡಾಳು ದೂರದಲ್ಲಿತ್ತು. ಅವನು ನಿಲ್ಲಲೂ ಇಲ್ಲ. ಹಾಗೇ ಬದಿಯಿಂದ ಸರಿದು ಹೋದ. ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿತ್ತು, ತಲೆಗೆ ಬೈರಾಸು. ದಾಟಲು ದೂರ ಸುತ್ತಬೇಕು ಅಂತ ಉಲ್ಟಾ ಬಂದಿರಬೇಕು, ದಿನಾ ಬರುತ್ತಿರಬೇಕು. ತಪ್ಪು ಅವನದೇ, ಒಪ್ಪುತ್ತೇನೆ. ಉಸಿರು ಕಟ್ಟಿದ ಹಾಗಾಗಿ ಗ್ಲಾಸ್ ಇಳಿಸಿದೆ. ಹೆಂಡತಿ ಎಚ್ಚರಾಗಿ "ಎಂತ ಆಯ್ತು?" ಅಂದಳು. "ಎಂತ ಇಲ್ಲ, ನಾಯಿ ಅಡ್ಡ ಬಂತು" ಅಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ, ಕೂತು ಲೆಕ್ಕ ಹಾಕಿದೆ. 60ರಲ್ಲಿ ಹೋಗುವಾಗ ಸೆಕೆಂಡಿಗೆ ಹದಿನೇಳು ಮೀಟರಿನ ಹತ್ತಿರ ಸಾಗುತ್ತೇವೆ. ಕಂಡು, ತಲೆಗೆ ಹೋಗಿ, ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡ್. ಒಣ ರಸ್ತೆಯಲ್ಲಿ ಒಟ್ಟು 35 ಮೀಟರಿನಲ್ಲಿ ನಿಲ್ಲಬಹುದು. 120ರಲ್ಲಿ ಇದು ದುಪ್ಪಟ್ಟು ಆಗುವುದಿಲ್ಲ, ನೂರು ಮೀಟರ್ ಆಗುತ್ತದೆ, ಯಾಕೆಂದರೆ ಸ್ಪೀಡು ಎರಡು ಪಾಲಾದರೆ ಗಾಡಿಯೊಳಗಿನ ಪೆಟ್ಟಿನ ಶಕ್ತಿ ನಾಲ್ಕು ಪಾಲಾಗುತ್ತದೆ. ಡಿಮ್ ಲೈಟಿನಲ್ಲಿ ನಮಗೆ ಸರಿಯಾಗಿ ಕಾಣುವುದು ಅದರ ಅರ್ಧ ದೂರ. ಅಂದರೆ ಆ ರಾತ್ರಿ ನಾನು ನಿಂತದ್ದು ನನ್ನ ಗಾಡಿಯ ಲೈಟಿನಲ್ಲಿ ಕಂಡು ಅಲ್ಲ. ಆ ಜಾಗದಲ್ಲಿ ಹೈವೇಯ ದೀಪ ಇತ್ತು, ಅದಕ್ಕೇ ದೂರದಿಂದ ಕಂಡ. ದೀಪ ಇಲ್ಲದ ಕಡೆ ಆಗಿದ್ದರೆ? ನನಗೆ ಏನೂ ಆಗುತ್ತಿರಲಿಲ್ಲ, ಗಾಳಿ ಚೀಲ ತೆರೆಯುತ್ತಿತ್ತು. ಮರುದಿನ ಪೇಪರಿನಲ್ಲಿ ಬೈಕ್ ಸವಾರ ಸಾವು ಅಂತ ಬರುತ್ತಿತ್ತು, ಓದಿದ ಭಾವ ನೋಡು ಬೈಕ್ ಎಷ್ಟು ಅಪಾಯ ಅನ್ನುತ್ತಿದ್ದರು.

ಮೇಲೆ ಕೊಟ್ಟ 2022ರ ಸಾವಿನ ಲೆಕ್ಕ ಸತ್ತವರು ಯಾವುದರ ಮೇಲೆ ಕೂತಿದ್ದರು ಅಂತ ಹೇಳುತ್ತದೆ. ಅವರಿಗೆ ಗುದ್ದಿದ್ದು ಯಾವುದು ಅಂತ ನಾವು ಮನೆಯಲ್ಲಿ ಕೂತು ಮಾತಾಡುವಾಗ ಯಾರೂ ಕೇಳುವುದಿಲ್ಲ. ಬೈಕಿನಲ್ಲಿ ನಾನು ಮಾಡಿದ ತಪ್ಪಿಗೆ ಎಲುಬು ಮುರಿದದ್ದು ನನ್ನದೇ. ಕಾರಿನಲ್ಲಿ ನಾನು ಮಾಡಿದ ತಪ್ಪಿಗೆ ಮೀನಿನವನ ಮನೆಯವರು ಅಳಬೇಕಿತ್ತು. ಮಗನ ಜೀವ ಮಾತ್ರ ಲೆಕ್ಕ ಹಾಕಿದರೆ ಭಾವ ಹೇಳುವುದು ಸರಿ. ಇಪ್ಪತ್ತರ ಹುಡುಗನಿಗೆ ಸಾವಿರ ಕೆ.ಜಿ.ಯ ಕಬ್ಬಿಣ ಕೊಟ್ಟು, ಹೆದರಿಕೆಯೇ ಆಗದ ಹಾಗೆ ಗ್ಲಾಸ್ ಏರಿಸಿ ರಸ್ತೆಗೆ ಬಿಡುವುದು ಭದ್ರ ಅಂತ ನನಗೆ ಹೇಳಲಾಗುವುದಿಲ್ಲ.

ಕಾರಿನೊಳಗಿದ್ದವರಿಗೂ ಆ ಭದ್ರತೆ ಪುಕ್ಕಟೆ ಅಲ್ಲ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರಿನ ಸೇತುವೆಯಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಸತ್ತರಲ್ಲ, ಮರ್ಸಿಡಿಸ್ ಕಾರು ಅದು. ಬೆಲ್ಟ್ ಹಾಕದೆ ಹಿಂದೆ ಕೂತಿದ್ದ ಇಬ್ಬರೂ ಹೋದರು, ಮುಂದಿದ್ದ ಇಬ್ಬರೂ ಉಳಿದರು. ಅದರ ಹಿಂದಿನ ವರ್ಷ ಜೂನಿನಲ್ಲಿ ನಮ್ಮ ನಟ ಸಂಚಾರಿ ವಿಜಯ್, ಬೆಂಗಳೂರಿನಲ್ಲಿ, ಗೆಳೆಯನ ಬೈಕಿನ ಹಿಂದೆ ಕೂತಿದ್ದರು, ತಲೆಗೆ ಪೆಟ್ಟು. ಹಿಂದೆ ಕೂತವರಿಗೆ ಏನೂ ಆಗುವುದಿಲ್ಲ ಅಂತ ನಮಗೆ ಯಾರು ಹೇಳಿಕೊಟ್ಟರೋ. ನಮ್ಮಲ್ಲಿ 2023ರ ಜೂನಿನಲ್ಲಿ ಕೇರಳದ 726 ಕ್ಯಾಮೆರಾಗಳು ದಂಡ ಹಾಕಲು ಶುರು ಮಾಡಿದ ಮೇಲೆ ಹಿಂದೆ ಕೂತವರ ತಲೆಗೂ ಹೆಲ್ಮೆಟ್ ಬಂತು. ತಲಪಾಡಿ ದಾಟಿದ ಕೂಡಲೇ ಅದು ತಲೆಯಿಂದ ಮೊಣಕೈಗೆ ಇಳಿಯುವುದನ್ನೂ ಕಂಡಿದ್ದೇನೆ, ಗಡಿಯ ಆಚೆ ರಸ್ತೆ ಮೆತ್ತಗಿದೆಯೋ ಏನೋ.

ಭಾನುವಾರ ಅಳಿಯ ಬಂದಿದ್ದ. ಒಂದು ಆಟ ಆಡುವ ಅಂದೆ. ಮೊದಲು ಕಾರಿನಲ್ಲಿ ಹೈವೇಗೆ ಕರೆದುಕೊಂಡು ಹೋಗಿ, ಮೀಟರ್ ನೋಡಬೇಡ, ಅರುವತ್ತು ಆಯಿತು ಅನಿಸಿದಾಗ ಹೇಳು ಅಂದೆ. "ಈಗ, ಮಾವ" ಅಂದ. 83 ಇತ್ತು. ಸಂಜೆ ಆರ್‌ಎಕ್ಸ್ ಹೊರಗೆ ತೆಗೆದೆ. ಅಡಿಕೆ ಗೋಣಿಗಳ ಹಿಂದೆ ಇನ್ನೂ ಉಂಟು ಅದು, ಆರನೇ ಕಿಕ್ಕಿಗೆ ಹಿಡಿಯಿತು, ಅಂಗಳ ತುಂಬ ಹೊಗೆ. ಅವನನ್ನು ಹಿಂದೆ ಕೂರಿಸಿ ಅದೇ ಆಟ. ಇಳಿಜಾರಿನಲ್ಲಿ ನನ್ನ ಹೆಗಲು ಹಿಡಿದು "ಅರುವತ್ತು! ಅರುವತ್ತಾಯ್ತು ಮಾವ!" ಅಂತ ಬೊಬ್ಬೆ ಹಾಕಿದ. ಮೀಟರಿನ ಮುಳ್ಳು 45ರಲ್ಲಿ ನಡುಗುತ್ತಿತ್ತು.

ಅಕ್ಕನಿಗೆ ಹೇಳಿದ್ದು ಇಷ್ಟು. ಕಾರು ಈಗ ಬೇಡ. 390 ಕೂಡ ಬೇಡ. ಎಬಿಎಸ್ ಇರುವ 150ರದ್ದೋ 160ರದ್ದೋ ಒಂದು ಬೈಕ್, ಒಳ್ಳೆ ಹೆಲ್ಮೆಟ್ಟು, ಜಾಕೆಟ್ಟು, ಗ್ಲೌಸು. ಒಂದು ಮಳೆಗಾಲ ಓಡಿಸಲಿ, ಆಮೇಲೆ ಮಾತಾಡುವ. ಭಾವ ಎರಡು ದಿನದಿಂದ ನನ್ನ ಫೋನ್ ಎತ್ತುತ್ತಿಲ್ಲ. ಅಳಿಯನಿಗೂ ಬೇಜಾರು, 160 ಅಂದರೆ ಅಂಕಲ್‌ಗಳ ಬೈಕಂತೆ.

ಇದನ್ನು ಹಾಕುವ ಮೊದಲು ಹೆಂಡತಿಗೆ ಓದಿ ಹೇಳಿದೆ. ಹೇಳಲೇಬೇಕಿತ್ತು. ನಾಯಿಯ ಜಾಗ ಬಂದಾಗ ಸ್ವರ ಸ್ವಲ್ಪ ತಗ್ಗಿಸಿದೆ. ಅವಳು ಬಟ್ಟೆ ಮಡಚುತ್ತಿದ್ದಳು, ತಲೆ ಎತ್ತಲಿಲ್ಲ.

"ನಂಗೆ ಅವತ್ತೇ ಗೊತ್ತಿತ್ತು" ಅಂದಳು. "ನಾಯಿಗೆ ಬಂಗುಡೆ ವಾಸನೆ ಬರ್ತದಾ?"